ಆಲಿಕಲ್ಲು ಬಿದ್ದ ಮೇಲೆ ನಮ್ಮ ಪತ್ರಾ, ಮಾಳಿಗೆ ಹತ್ತಿ ನೋಡಿದ್ದು

ಬೀದರ್ ಕಡೆ ಬೇಸಿಗೆಯಲ್ಲಿ ಆಲಿಕಲ್ಲು ಬೀಳುವುದು ಹೊಸದೇನಲ್ಲ. ಫೆಬ್ರುವರಿ ಕೊನೆಯಿಂದ ಮೇ ತನಕ ಯಾವ ಸಂಜೆಯಾದರೂ ಬರಬಹುದು. 2014ರ ಫೆಬ್ರುವರಿ, ಮಾರ್ಚ್‌ನಲ್ಲಿ ಮರಾಠವಾಡದಿಂದ ಹಿಡಿದು ನಮ್ಮ ಗಡಿ ಜಿಲ್ಲೆಗಳ ತನಕ ಬಿದ್ದ ಆಲಿಕಲ್ಲನ್ನು ಇಲ್ಲಿನ ರೈತರು ಇನ್ನೂ ನೆನೆಸುತ್ತಾರೆ. ಆಲಿಕಲ್ಲು ಅಂದ ಕೂಡಲೇ ಮಾತು ಬೆಳೆಯ ಕಡೆ ಹೋಗುತ್ತದೆ. ಹೋಗಬೇಕಾದ್ದೇ. ಜೋಳ ಮಲಗಿರುತ್ತದೆ, ಮಾವು ಉದುರಿರುತ್ತದೆ. ಆದರೆ ಅದೇ ಕಲ್ಲು ಮನೆ ಮೇಲೂ ಬಿದ್ದಿರುತ್ತದಲ್ಲ? ಅಲ್ಲಿ ಏನಾಗಿದೆ ಅಂತ ಹತ್ತಿ ನೋಡುವವರು ಕಡಿಮೆ. ಸೋರಿದಾಗ ನೋಡಿದರಾಯಿತು ಅಂತ ಬಿಡುತ್ತಾರೆ. ಸೋರುವುದು ಜೂನ್‌ನಲ್ಲಿ, ಮಿರ್ಗದ, ಅಂದರೆ ಮೃಗಶಿರಾ ಮಳೆ ಹಿಡಿದ ಮೇಲೆ. ಆಗ ಇದು ಆಲಿಕಲ್ಲಿನಿಂದ ಆಗಿದ್ದು ಅಂತ ತೋರಿಸಲು ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಪತ್ರಾ, ಅಂದರೆ ಸೂರಿಗೆ ಹೊದಿಸುವ ಶೀಟು, ಹಾಕುವ ಮೇಸ್ತ್ರಿಗಳೂ ಆ ಹೊತ್ತಿಗೆ ಸಿಗುವುದಿಲ್ಲ.

ಕಳೆದ ಏಪ್ರಿಲ್‌ನಲ್ಲಿ ನಮ್ಮ ಊರ ಮೇಲೆ ಜೋರಾಗಿ ಆಲಿಕಲ್ಲು ಬಿತ್ತು. ಆಮೇಲೆ ಮನೆ ಸೂರನ್ನು ಹೇಗೆ ನೋಡಿದೆವು, ಯಾವುದು ಆಲಿಕಲ್ಲಿನ ಪೆಟ್ಟು, ಯಾವುದು ಅಲ್ಲ ಅಂತ ಹೇಗೆ ತಿಳಿದುಕೊಂಡೆವು, ಪಂಚನಾಮೆ ಹೇಗಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಭಾಲ್ಕಿ ತಾಲೂಕಿನ ಒಂದು ಹಳ್ಳಿ. ನಾನು ಪ್ರಾಥಮಿಕ ಶಾಲೆಯ ಮಾಸ್ತರ. ಮನೆ ಒಂದೇ, ಸೂರು ನಾಲ್ಕು ತರ. ಮುಂದಿನ ಕೋಣೆಗಳಿಗೆ ಆರ್‌ಸಿಸಿ ಸ್ಲ್ಯಾಬ್. ನಡುವೆ ಅಜ್ಜನ ಕಾಲದ ಮಣ್ಣಿನ ಮಾಳಿಗೆ (ಜಂತಿ ಮೇಲೆ ಮಣ್ಣು ತುಳಿಸಿದ ಸೂರು), ಅದಕ್ಕೊಂದು ಬೆಳಕಿಂಡಿ. ಹಿಂದಿನ ಅಡುಗೆಮನೆಗೆ ಟಿನ್ ಪತ್ರಾ. ಅದಕ್ಕೆ ಅಂಟಿಕೊಂಡೇ ಎಮ್ಮೆ ಕಟ್ಟುವ ಕೊಟ್ಟಿಗೆ, ಅದರ ಮೇಲೆ ಹಳೇ ಸಿಮೆಂಟ್ ಪತ್ರಾ. ನಮ್ಮ ಕಡೆ ಬಹಳ ಮನೆಗಳು ಹೀಗೇ ಇವೆ. ಕೈಗೆ ದುಡ್ಡು ಬಂದಾಗ ಒಂದೊಂದು ತುಂಡು ಕಟ್ಟುತ್ತ ಬಂದ ಮನೆಗಳು. ಒಂದೇ ಆಲಿಕಲ್ಲು ಈ ನಾಲ್ಕು ಸೂರಿನ ಮೇಲೆ ನಾಲ್ಕು ತರ ಗುರುತು ಬಿಡುತ್ತದೆ. ಅದಕ್ಕೇ ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಬೇಕು.

ಅವತ್ತು ಮಧ್ಯಾಹ್ನ ಉಸಿರುಕಟ್ಟುವ ಸೆಕೆ. ಸಂಜೆಗೆ ಪಡುವಣದಿಂದ ಕರೀ ಮೋಡ ಎದ್ದಿತು. ಮೊದಲು ದೂಳು, ಆಮೇಲೆ ಗಾಳಿ, ಅದರ ಬೆನ್ನಿಗೇ ಕಲ್ಲು. ಟಿನ್ ಪತ್ರಾ ಕೆಳಗೆ ನಿಂತವರಿಗೆ ಪಕ್ಕದವರ ಮಾತೂ ಕೇಳಿಸಲಿಲ್ಲ. ಶುರುವಿಗೆ ಕಡಲೆ ಗಾತ್ರ ಇದ್ದದ್ದು ಬರಬರುತ್ತ ಅಡಿಕೆ ಗಾತ್ರಕ್ಕೆ ಬಂತು. ಕೆಲವು ಇನ್ನೂ ದೊಡ್ಡವು. ಅವ್ವ ಪಡಸಾಲೆಯಿಂದಲೇ ಕೂಗಿದಳು: "ಎಮ್ಮಿ ಒಳಗ ಅದ ಇಲ್ಲೋ ನೋಡಪಾ ಮೊದಲ. ಪತ್ರಾ ನಾಳಿ ನೋಡಾಕ ಬರ್ತದ."

ಮಳೆ ನಿಂತ ಕೂಡಲೇ ಮಗಳು ಅಂಗಳದಿಂದ ದೊಡ್ಡ ಕಲ್ಲುಗಳನ್ನು ಆರಿಸಿ ತಂದಳು. ಅವನ್ನು ಒಂದು ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆದೆವು. ಹತ್ತು ರೂಪಾಯಿ ನಾಣ್ಯದ ಅಡ್ಡಳತೆ 27 ಮಿಲಿಮೀಟರ್. ಅದರ ಪಕ್ಕ ಇಟ್ಟರೆ ಕಲ್ಲಿನ ಗಾತ್ರ ಯಾರಿಗಾದರೂ ತಿಳಿಯುತ್ತದೆ. ಎರಡು ಕಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಮೇಲಿನ ಖಾನೆಗೆ ಹಾಕಿದೆವು. ಕಲ್ಲಿನ ಗಾತ್ರ ಯಾಕೆ ಮುಖ್ಯ ಅಂದರೆ, ದೊಡ್ಡದಾದಷ್ಟೂ ಅದು ಜಾಸ್ತಿ ವೇಗದಲ್ಲಿ ಬೀಳುತ್ತದೆ. ಎರಡೂವರೆಯಿಂದ ನಾಲ್ಕೂವರೆ ಸೆಂಟಿಮೀಟರ್ ಕಲ್ಲು ಗಂಟೆಗೆ ಸುಮಾರು 40ರಿಂದ 65 ಕಿಲೋಮೀಟರ್ ವೇಗದಲ್ಲಿ ಬೀಳುತ್ತದೆ. ಗಾಳಿ ಸೇರಿದರೆ ಪೆಟ್ಟು ಇನ್ನೂ ಜೋರು, ಅದೂ ಓರೆಯಾಗಿ. ಕಡಲೆ ಗಾತ್ರದ್ದು ಬಿದ್ದರೆ ಸಪ್ಪಳವೇ ಹೆಚ್ಚು, ಸೂರಿಗೆ ಹಾನಿ ಕಡಿಮೆ.

ಆ ರಾತ್ರಿ ಯಾರೂ ಮೇಲೆ ಹತ್ತಲಿಲ್ಲ. ಹತ್ತಲೂ ಬಾರದು. ಪತ್ರಾ ಒದ್ದೆ, ಸಂದಿಯಲ್ಲಿ ಮಂಜುಗಡ್ಡೆ, ದೂರದಲ್ಲಿ ಮಿಂಚು ಇನ್ನೂ ಹೊಡೆಯುತ್ತಿತ್ತು. ಒಳಗಿಂದಲೇ ಬ್ಯಾಟರಿ ಹಿಡಿದು ಗೋಡೆ ಮೂಲೆ, ಜಂತಿ, ಪತ್ರಾ ಜೋಡಿಸಿದ ಕಡೆ ಎಲ್ಲ ನೋಡಿದೆ. ಹನಿ ಬೀಳುತ್ತಿದ್ದ ಜಾಗಕ್ಕೆ ಕೆಳಗೆ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದೆ. ಅಡುಗೆಮನೆಯಲ್ಲಿ ಒಂದು ಹನಿಯೂ ಇರಲಿಲ್ಲ. ಕೊಟ್ಟಿಗೆಯಲ್ಲಿ ಒಂದೇ ಕಡೆ ಸಣ್ಣಗೆ ತೊಟ್ಟಿಕ್ಕುತ್ತಿತ್ತು. ಇಷ್ಟನ್ನೇ ನೋಡಿ ಬಿಟ್ಟಿದ್ದರೆ ಒಂದು ಸಿಮೆಂಟ್ ಪತ್ರಾ ಮಾತ್ರ ಹೋಗಿದೆ ಅಂದುಕೊಳ್ಳಬೇಕಿತ್ತು.

ಬೆಳಿಗ್ಗೆ ಊರಲ್ಲಿ ಪತ್ರಾ ಕೆಲಸ ಮಾಡುವ ಕಾಕಾನ ಮನೆಗೆ ಹೋದೆ. ವಯಸ್ಸು ಅರವತ್ತು ದಾಟಿದೆ, ಇಡೀ ಜೀವನ ಪತ್ರಾ ಹಾಕುವುದು, ತೆಗೆಯುವುದರಲ್ಲೇ ಕಳೆದವರು. ಬಂದವರು ನಿಚ್ಚಣಿಕೆ ಕೇಳಲಿಲ್ಲ. ಅಂಗಳದಲ್ಲಿ ಮನೆ ಸುತ್ತ ಒಂದು ಸುತ್ತು ಹಾಕಿದರು. "ಮ್ಯಾಲ ಏರೂದು ಆಮ್ಯಾಲ ಮಾಸ್ತರ್ರ. ಮೊದಲ ಕಲ್ಲು ಯಾ ಕಡೆಯಿಂದ ಬಂದದ ಅಂತ ಗೊತ್ತಾಗಬೇಕು," ಅಂದರು.

ಅದನ್ನು ತೋರಿಸಿದ್ದು ನಮ್ಮ ಕೂಲರ್. ನಮ್ಮ ಕಡೆ ಬೇಸಿಗೆಯಲ್ಲಿ ಕಿಟಕಿ ಹೊರಗೆ ಟಿನ್ನಿನ ಕೂಲರ್ ಇಲ್ಲದ ಮನೆ ಇಲ್ಲ. ಅದರ ತಗಡು ತೆಳು, ಬಣ್ಣ ತೆಳು. ಪಡುವಣ ಮುಖಕ್ಕೆ ನೆಗ್ಗುಗಳು ಎದ್ದು ಕಾಣುತ್ತಿದ್ದವು, ಮೂಡಣ ಮುಖದಲ್ಲಿ ಒಂದೂ ಇರಲಿಲ್ಲ. ಮೇಲಿನ ಮುಚ್ಚಳದಲ್ಲಿ ಕೆಲವು. ಅಂದರೆ ಕಲ್ಲು ಪಡುವಣದಿಂದ ಓರೆಯಾಗಿ ಬಂದಿದೆ. ಹಾಗಾದರೆ ಸೂರಿನಲ್ಲೂ ಪಡುವಣಕ್ಕೆ ಇಳಿಜಾರಾದ ಭಾಗಕ್ಕೆ ಪೆಟ್ಟು ಜಾಸ್ತಿ ಇರಬೇಕು, ಮೂಡಣದ ಇಳಿಜಾರಿಗೆ ಕಡಿಮೆ. ನೀರಿನ ಟ್ಯಾಂಕಿನ ಮುಚ್ಚಳ, ಡಿಶ್ ಆ್ಯಂಟೆನಾ, ಮೀಟರ್ ಪೆಟ್ಟಿಗೆ, ಬೀದಿಯಲ್ಲಿ ನಿಂತ ಕಾರಿನ ಬಾನೆಟ್ಟು, ಇವೆಲ್ಲ ಮೊದಲು ನೋಡಬೇಕಾದ ಸಾಮಾನು. ಮೆತ್ತಗಿನ ತಗಡಿನ ಮೇಲೆ ಕಲ್ಲಿನ ಗುರುತು ಚೆನ್ನಾಗಿ ಉಳಿಯುತ್ತದೆ. ಇವುಗಳ ಮೇಲೆ ಏನೂ ಇಲ್ಲದೆ ಸೂರಿನ ಮೇಲೆ ಮಾತ್ರ ಒಡಕು ಕಂಡರೆ ಅದು ಆಲಿಕಲ್ಲಿನದು ಅಂತ ನಂಬುವುದು ಕಷ್ಟ.

ಕಾಕಾ ಇನ್ನೊಂದು ಗುರುತು ತೋರಿಸಿದರು. ನನಗೆ ಇದು ಬಹಳ ಮುಖ್ಯ ಅನ್ನಿಸಿತು. ಹಳೇ ಪತ್ರಾ, ಟ್ಯಾಂಕು, ಗೋಡೆ ಇವುಗಳ ಮೇಲೆ ವರ್ಷಗಳಿಂದ ಮಂಕು ಹಿಡಿದಿರುತ್ತದೆ. ದೂಳು, ಪಾಚಿ, ತಗಡಿನ ಬೂದಿ ಬಣ್ಣ. ಕಲ್ಲು ಬಡಿದ ಜಾಗದಲ್ಲಿ ಆ ಮಂಕು ಹಾರಿ ದುಂಡಗೆ ಸ್ವಚ್ಛವಾದ ಮಚ್ಚೆಗಳು ಉಳಿಯುತ್ತವೆ. ನೆಗ್ಗಿರದಿದ್ದರೂ ಮಚ್ಚೆ ಇರುತ್ತದೆ. ಎಷ್ಟು ದೊಡ್ಡ ಕಲ್ಲು, ಎಷ್ಟು ಒತ್ತೊತ್ತಾಗಿ ಬಿತ್ತು ಅನ್ನುವುದು ಅದರಲ್ಲೇ ತಿಳಿಯುತ್ತದೆ. ಆದರೆ ಅವು ಬಹಳ ದಿನ ಇರುವುದಿಲ್ಲ. ನಮ್ಮ ಬೇಸಿಗೆ ದೂಳು, ಬಿಸಿಲು, ಒಂದೆರಡು ಮಳೆ ಸೇರಿ ಅಳಿಸಿಬಿಡುತ್ತವೆ. ಟ್ಯಾಂಕಿನ ಮೇಲಿದ್ದ ಮಚ್ಚೆಗಳನ್ನು ನಾನು ಅವತ್ತೇ ಸ್ಕೇಲ್ ಇಟ್ಟು ಫೋಟೊ ತೆಗೆದೆ. ಮೇ ತಿಂಗಳಲ್ಲಿ ಅದೇ ಟ್ಯಾಂಕು ಹತ್ತಿ ನೋಡಿದಾಗ ಒಂದೂ ಗೊತ್ತಾಗುತ್ತಿರಲಿಲ್ಲ.

ಇಷ್ಟಾದ ಮೇಲೆ ಟಿನ್ ಪತ್ರಾ. ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ನೋಡಿದರೆ ಪತ್ರಾ ಎಲ್ಲಾ ಕಡೆ ಹೊಳೆಯುತ್ತದೆ, ನೆಗ್ಗು ಕಾಣುವುದೇ ಇಲ್ಲ. ಸೂರ್ಯ ಏರುವ ಹೊತ್ತು ಅಥವಾ ಇಳಿಯುವ ಹೊತ್ತಿನ ಓರೆ ಬೆಳಕು ಬೇಕು. ಆಗ ಪ್ರತಿ ತಗ್ಗಿನ ಒಂದು ಅಂಚಿಗೆ ನೆರಳು ಬೀಳುತ್ತದೆ. ನಾವು ನಿಚ್ಚಣಿಕೆ ಮೇಲೆ ನಿಂತು, ಕಣ್ಣನ್ನು ಪತ್ರಾ ಮಟ್ಟಕ್ಕೆ ತಂದು, ಉದ್ದಕ್ಕೆ ನೋಡಿದೆವು. ಪಡುವಣ ಇಳಿಜಾರು ತುಂಬ ದುಂಡು ತಗ್ಗುಗಳು.

ಮೋಡದ ದಿನ ಓರೆ ಬೆಳಕು ಸಿಗದಿದ್ದರೆ ಸೀಮೆಸುಣ್ಣ ಸಾಕು. ಶಾಲೆಯ ಸೀಮೆಸುಣ್ಣದ ತುಂಡನ್ನು ಅಡ್ಡ ಮಲಗಿಸಿ ಪತ್ರಾ ಮೇಲೆ ಹಗುರವಾಗಿ ಉಜ್ಜಬೇಕು. ಸಮನಾದ ಜಾಗಕ್ಕೆ ಬಿಳಿ ಹತ್ತುತ್ತದೆ. ತಗ್ಗಿಗೆ ಸೀಮೆಸುಣ್ಣ ತಾಕುವುದಿಲ್ಲ, ಅದು ಖಾಲಿ ದುಂಡಾಗಿ ಉಳಿಯುತ್ತದೆ. ಕೈಗೆ ಸಿಗದ, ಕಣ್ಣಿಗೆ ಕಾಣದ ನೆಗ್ಗುಗಳೂ ಇದರಲ್ಲಿ ಸಿಕ್ಕವು. ಒಂದು ಚದರ ಅಡಿ ಜಾಗ ಗುರುತು ಮಾಡಿಕೊಂಡು ಅದರಲ್ಲಿ ಎಷ್ಟು ತಗ್ಗು ಅಂತ ಎಣಿಸಿದೆವು. ಪಡುವಣ ಕಡೆ ಒಂದು ಲೆಕ್ಕ, ಮೂಡಣ ಕಡೆ ಒಂದು ಲೆಕ್ಕ. ಬೇವಿನ ಮರದ ಕೆಳಗೆ ಬರುವ ಮೂಲೆಯಲ್ಲಿ ಬಹಳ ಕಡಿಮೆ ಇದ್ದವು. ಮರ ತಡೆದಿದೆ. ಹೀಗೆ ಒಂದು ಕಡೆ ಹೆಚ್ಚು, ಮರೆಯಿದ್ದ ಕಡೆ ಕಡಿಮೆ, ಆದರೆ ಬಿದ್ದ ಜಾಗದಲ್ಲಿ ಸಾಲು ಇಲ್ಲದೆ ಚೆಲ್ಲಾಪಿಲ್ಲಿ ಇರುವುದೇ ಆಲಿಕಲ್ಲಿನ ಗುರುತು.

ನೆಗ್ಗು ಇದ್ದ ಮಾತ್ರಕ್ಕೆ ಪತ್ರಾ ಹಾಳಾಯಿತು ಅಂತ ಅಲ್ಲ. ಇದನ್ನು ಕಾಕಾ ಒತ್ತಿ ಹೇಳಿದರು. ತಗ್ಗು ಸಣ್ಣದಿದ್ದು, ಮೇಲಿನ ಲೇಪ ಹಾಗೇ ಇದ್ದರೆ ಪತ್ರಾ ಇನ್ನೂ ಬಹಳ ವರ್ಷ ಬಾಳುತ್ತದೆ. ನೋಡಬೇಕಾದ್ದು ಲೇಪ. ಕಬ್ಬಿಣದ ತಗಡಿನ ಮೇಲೆ ಸತುವಿನ ತೆಳು ಲೇಪ ಇರುತ್ತದೆ, ಬಣ್ಣದ ಪತ್ರಾ ಆದರೆ ಅದರ ಮೇಲೆ ಬಣ್ಣ. ಜೋರಾಗಿ ನೆಗ್ಗಿದ ಕಡೆ ಈ ಲೇಪದಲ್ಲಿ ಕೂದಲೆಳೆ ಬಿರುಕು ಬಿಡಬಹುದು. ಅದರೊಳಗೆ ನೀರು ಕೂತು, ಮೊದಲು ಕೆಂಪು ಚುಕ್ಕೆ, ಆಮೇಲೆ ತೂತು. ಇದು ಇವತ್ತು ಸೋರುವುದಿಲ್ಲ, ಕೆಲವು ವರ್ಷದ ಮೇಲೆ ಸೋರಬಹುದು. ಓದುವ ಭೂತಗನ್ನಡಿ ಹಿಡಿದು ದೊಡ್ಡ ನೆಗ್ಗುಗಳನ್ನೆಲ್ಲ ನೋಡಿದೆ. ನಮ್ಮ ಅಡುಗೆಮನೆ ಪತ್ರಾದಲ್ಲಿ ಏಣಿನ ಮೇಲೆ, ಅಂದರೆ ಉಬ್ಬಿದ ಗೆರೆಯ ಮೇಲೆ ಬಿದ್ದ ಕೆಲವು ಪೆಟ್ಟುಗಳಲ್ಲಿ ಬಿರುಕು ಕಂಡಿತು. ತಗ್ಗು ಪಟ್ಟಿಯಲ್ಲಿ ಬಿದ್ದವುಗಳಲ್ಲಿ ಇರಲಿಲ್ಲ.

ಸ್ಕ್ರೂಗಳದ್ದು ಬೇರೆ ಕತೆ. ಸ್ಕ್ರೂ ತಲೆ ಮೇಲೆ ಅಥವಾ ಅದರ ಪಕ್ಕ ಕಲ್ಲು ಬಿದ್ದರೆ ಕೆಳಗಿನ ರಬ್ಬರ್ ವಾಷರ್ ಸರಿದು ಸಂದಿ ಬಿಡುತ್ತದೆ. ಕಾಕಾ ಒಂದೊಂದು ಸ್ಕ್ರೂವನ್ನೂ ಬೆರಳಿಂದ ತಿರುಗಿಸಿ ನೋಡಿದರು. ಬೆರಳಿಗೆ ತಿರುಗಿದರೆ ಅದು ಸಡಿಲ. ಎರಡು ಪತ್ರಾ ಒಂದರ ಮೇಲೊಂದು ಕೂಡುವ ಅಂಚಿನಲ್ಲಿ ಮೇಲಿನದು ಬಾಯಿ ಬಿಟ್ಟಿದೆಯಾ ಅಂತ ಪೋಸ್ಟ್ ಕಾರ್ಡ್ ತೂರಿಸಿ ನೋಡಿದರು. ಗಾಳಿ ಅಂಚನ್ನು ಎತ್ತಿದ್ದ ಒಂದು ಕಡೆ ಕಾರ್ಡು ಸಲೀಸಾಗಿ ಒಳಗೆ ಹೋಯಿತು. ಆಲಿಕಲ್ಲು ಬಂದ ದಿನ ಗಾಳಿಯೂ ಬಂದಿರುತ್ತದೆ. ಎರಡರ ಹಾನಿಯನ್ನೂ ಒಟ್ಟಿಗೇ ನೋಡಿಬಿಡಬೇಕು.

ಪತ್ರಾ ಮೇಲೆ ಎಲ್ಲಾ ಗುರುತೂ ಆಲಿಕಲ್ಲಿನದಲ್ಲ. ಹಪ್ಪಳ, ಸಂಡಿಗೆ ಒಣಹಾಕಲು ಹತ್ತಿದವರ ಕಾಲಿನ ತಗ್ಗು ಉದ್ದಕ್ಕೆ ಇರುತ್ತದೆ, ಏಣುಗಳು ಮಡಿಚಿಕೊಂಡಿರುತ್ತವೆ. ಮಂಗಗಳು ಜಿಗಿಯುವ ಜಾಗ ಮರದ ಟೊಂಗೆ ಕೆಳಗೇ ಇರುತ್ತದೆ, ಅಗಲವಾಗಿ ಬಾಗಿರುತ್ತದೆ. ಹುಡುಗರ ಕ್ರಿಕೆಟ್ ಚೆಂಡು ಒಂದೆರಡು ದೊಡ್ಡ ತಗ್ಗು ಮಾಡುತ್ತದೆ, ಸುತ್ತ ಬೇರೇನೂ ಇರುವುದಿಲ್ಲ. ಸ್ಕ್ರೂ ಸುತ್ತ ಮಾತ್ರ ಇರುವ ದುಂಡು ತಗ್ಗು ಪತ್ರಾ ಹಾಕಿದ ದಿನವೇ ಜಾಸ್ತಿ ಬಿಗಿದದ್ದರಿಂದ ಆದದ್ದು. ತುಕ್ಕಿನ ತೂತಿಗೆ ಅಂಚು ತೆಳುವಾಗಿ ಕೆಂಪಾಗಿರುತ್ತದೆ. ಹೊಸ ಪೆಟ್ಟಿನ ಒಳಗೆ ತುಕ್ಕು ಇರುವುದಿಲ್ಲ, ದೂಳೂ ಕೂತಿರುವುದಿಲ್ಲ. ನಮ್ಮ ಪತ್ರಾದಲ್ಲಿ ಒಂದು ಮೂಲೆಯ ತೂತು ಹಳೇದು, ತುಕ್ಕಿನದು. ಅದನ್ನು ಪಟ್ಟಿಯಲ್ಲಿ ಬೇರೆ ಬರೆದೆವು. ಹಳೇದನ್ನೂ ಹೊಸದರ ಜೊತೆ ಸೇರಿಸಿ ತೋರಿಸಿದರೆ, ಬಂದವರು ನಿಜವಾದದ್ದನ್ನೂ ನಂಬುವುದಿಲ್ಲ.

ಕೊಟ್ಟಿಗೆಯ ಸಿಮೆಂಟ್ ಪತ್ರಾ ನೋಡುವಾಗ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾಯಿತು. ಸಿಮೆಂಟ್ ಪತ್ರಾ ನೆಗ್ಗುವುದಿಲ್ಲ, ಒಡೆಯುತ್ತದೆ. ಒಡೆದದ್ದು ಮೇಲಿನಿಂದ ಕಾಣುವುದೂ ಇಲ್ಲ. ಮೇಲೆ ಕಲ್ಲು ಬಡಿದ ಜಾಗದಲ್ಲಿ ಸಣ್ಣ ಬಿಳಿ ಗಾಯ ಅಷ್ಟೇ. ಬಿರುಕು ಇರುವುದು ಕೆಳಮುಖದಲ್ಲಿ. ಪೆಟ್ಟು ಬಿದ್ದ ಕಡೆಯಿಂದ ಎಳೆಗಳು ನಕ್ಷತ್ರದಂತೆ ಸುತ್ತ ಹರಡಿರುತ್ತವೆ. ಅದಕ್ಕೇ ಮೊದಲು ಕೊಟ್ಟಿಗೆ ಒಳಗೆ ನಿಂತು ನೋಡಿದೆವು. ಬಾಗಿಲು, ಕಿಂಡಿ ಎಲ್ಲ ಮುಚ್ಚಿ ಕತ್ತಲೆ ಮಾಡಿ ಮೇಲೆ ನೋಡಿದರೆ, ಪೂರಾ ತೂತಾದ ಕಡೆ ಬಿಸಿಲಿನ ಚುಕ್ಕೆ ಬೀಳುತ್ತದೆ. ನಮಗೆ ಎರಡು ಚುಕ್ಕೆ ಕಂಡವು. ಕೂದಲೆಳೆ ಬಿರುಕಿನಲ್ಲಿ ಬೆಳಕು ಬರುವುದಿಲ್ಲ. ಅದಕ್ಕೆ ನೀರು ಬೇಕು. ಹೊರಗೆ ಗೋಡೆ ಬದಿ ನಿಚ್ಚಣಿಕೆ ಮೇಲೆ ನಿಂತು ಪೈಪಿನಿಂದ ಪತ್ರಾ ಮೇಲೆ ಸಾವಕಾಶ ನೀರು ಬಿಟ್ಟೆವು. ಒಳಗೆ ನಿಂತ ಕಾಕಾ ಕೂಗಿ ಹೇಳುತ್ತಾ ಹೋದರು. ಸ್ವಲ್ಪ ಹೊತ್ತಿಗೆ ಕೆಳಮುಖದಲ್ಲಿ ಕಪ್ಪನೆ ತೇವದ ಗೆರೆಗಳು ಎದ್ದವು. ರಾತ್ರಿ ಒಂದೇ ಕಡೆ ತೊಟ್ಟಿಕ್ಕಿತ್ತು, ಗೆರೆ ಬಂದದ್ದು ಐದು ಪತ್ರಾಗಳಲ್ಲಿ. ಪ್ರತಿ ಗೆರೆಗೂ ಸೀಮೆಸುಣ್ಣದಿಂದ ಸುತ್ತು ಹಾಕಿ ನಂಬರ್ ಬರೆದೆವು.

ಹಳೇ ಬಿರುಕು, ಹೊಸ ಬಿರುಕು ಇಲ್ಲೂ ಬೇರೆ ಮಾಡಬೇಕು. ಹೊಸದರ ಅಂಚು ಚೂಪು, ಒಳಗಿನ ಬಣ್ಣ ತಿಳಿ ಬೂದಿ. ಹಳೇದರಲ್ಲಿ ಪಾಚಿ, ಹೊಗೆ, ಜೇಡರ ಬಲೆ. ನಮ್ಮ ಒಂದು ಪತ್ರಾದ ಬಿರುಕು, ಪತ್ರಾವನ್ನು ಕೆಳಗಿನ ಪೈಪಿಗೆ ಬಿಗಿಯುವ ಜೆ ಬೋಲ್ಟ್‌ನಿಂದ ಶುರುವಾಗಿ ಉದ್ದಕ್ಕೆ ಹೋಗಿತ್ತು. ಅದು ಬೋಲ್ಟ್ ಬಿಗಿಯಾಗಿ ಆದದ್ದು, ಆಲಿಕಲ್ಲಿನದಲ್ಲ ಅಂತ ಕಾಕಾ ಪಟ್ಟಿಯಿಂದ ತೆಗೆದು ಹಾಕಿದರು.

ಇಲ್ಲಿ ಎರಡು ಮಾತು ಒತ್ತಿ ಹೇಳಬೇಕು. ಸಿಮೆಂಟ್ ಪತ್ರಾ ಮೇಲೆ ಯಾವತ್ತೂ ನೇರ ಕಾಲಿಡಬೇಡಿ. ಆಲಿಕಲ್ಲು ಬಿದ್ದ ಮೇಲಂತೂ ಬೇಡವೇ ಬೇಡ. ಗಟ್ಟಿ ಇದೆ ಅಂತ ಕಂಡರೂ ಒಳಗೆ ಬಿರುಕು ಇರುತ್ತದೆ, ಮನುಷ್ಯನ ತೂಕಕ್ಕೆ ಒಮ್ಮೆಲೇ ಮುರಿದು ಕೆಳಗೆ ಹಾಕುತ್ತದೆ. ಹತ್ತಲೇಬೇಕು ಅಂದರೆ ಕೆಳಗಿನ ಪೈಪುಗಳ ಮೇಲೆ ಭಾರ ಬೀಳುವಂತೆ ಅಡ್ಡ ಹಲಗೆ ಹಾಕಬೇಕು. ಎರಡನೇದು, ಹಳೇ ಸಿಮೆಂಟ್ ಪತ್ರಾದಲ್ಲಿ ಕಲ್ನಾರು ಇರುತ್ತದೆ. ಅದರ ಸಣ್ಣ ಎಳೆ ಉಸಿರಿನಲ್ಲಿ ಹೋದರೆ ವರ್ಷಗಳ ಮೇಲೆ ಶ್ವಾಸಕೋಶದ ಕ್ಯಾನ್ಸರ್ ತನಕ ತರಬಹುದು. ಒಡೆದ ಚೂರುಗಳನ್ನು ಒಣ ಕಸಬರಿಗೆಯಿಂದ ಗುಡಿಸಬಾರದು, ಗರಗಸದಿಂದ ಕೊಯ್ಯಬಾರದು, ಮಕ್ಕಳ ಕೈಗೆ ಕೊಡಬಾರದು. ನಾವು ನೀರು ಚಿಮುಕಿಸಿ ಒದ್ದೆ ಮಾಡಿ, ಬಾಯಿ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಚೂರುಗಳನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆವು. ನಮ್ಮ ಹಳ್ಳಿಗಳಲ್ಲಿ ಒಡೆದ ಸಿಮೆಂಟ್ ಪತ್ರಾ ತುಂಡನ್ನು ಬಚ್ಚಲ ಮುಂದೆ ಹಾಸುತ್ತಾರೆ, ಕೋಳಿ ಗೂಡಿಗೆ ಮುಚ್ಚುತ್ತಾರೆ. ದಯವಿಟ್ಟು ಬೇಡ.

ಮಣ್ಣಿನ ಮಾಳಿಗೆಯಲ್ಲಿ ನೋಡುವುದು ಸುಲಭ. ಕಲ್ಲು ಬಿದ್ದ ಕಡೆ ಮಣ್ಣು ಹಾರಿ ಕುಳಿಗಳಾಗಿದ್ದವು. ಪ್ರತಿ ವರ್ಷ ಮಿರ್ಗಕ್ಕೆ ಮುಂಚೆ ಹಾಳುಮಣ್ಣು ಹಾಕಿ ತುಳಿಸುತ್ತೇವೆ, ಈ ವರ್ಷ ಮೊದಲೇ ಹಾಕಿಸಿದೆವು ಅಷ್ಟೇ. ಬೆಳಕಿಂಡಿಯ ಗಾಜು ಒಂದು ಮೂಲೆಯಲ್ಲಿ ಸೀಳಿತ್ತು. ಪರನಾಳದಲ್ಲಿ, ಅಂದರೆ ಮಾಳಿಗೆ ನೀರು ಹೊರಗೆ ಬೀಳುವ ದೋಣಿಯಲ್ಲಿ, ಬೇವಿನ ಎಲೆ, ಆಲಿಕಲ್ಲು ಎರಡೂ ತುಂಬಿ ನೀರು ನಿಂತಿತ್ತು. ಮಣ್ಣಿನ ಮಾಳಿಗೆಗೆ ಆಲಿಕಲ್ಲಿನ ಪೆಟ್ಟಿಗಿಂತ ಈ ನಿಂತ ನೀರೇ ಹೆಚ್ಚು ಅಪಾಯ. ಭಾರಕ್ಕೆ ಜಂತಿ ಬಾಗಿದೆಯಾ ಅಂತ ಒಳಗಿಂದ ದಾರ ಹಿಡಿದು ನೋಡಿದೆವು. ಬಾಗಿರಲಿಲ್ಲ.

ಆರ್‌ಸಿಸಿ ಸ್ಲ್ಯಾಬಿಗೆ ಈ ಗಾತ್ರದ ಕಲ್ಲು ಏನೂ ಮಾಡುವುದಿಲ್ಲ. ಅದರ ಮೇಲೆ ಹಚ್ಚಿದ ವಾಟರ್‌ಪ್ರೂಫ್ ಬಣ್ಣ ಎದ್ದಿದೆಯಾ, ನೀರು ಹೋಗುವ ಪೈಪು ಮುಚ್ಚಿದೆಯಾ, ಇಷ್ಟು ನೋಡಿದರೆ ಸಾಕು. ಸ್ಲ್ಯಾಬ್ ಮೇಲಿನ ಸೋಲಾರ್ ಹೀಟರನ್ನು ಮಾತ್ರ ಹತ್ತಿರದಿಂದ ನೋಡಬೇಕು. ಗಾಜಿನ ಕೊಳವೆ ಪೂರ್ತಿ ಒಡೆದರೆ ಗೊತ್ತಾಗುತ್ತದೆ, ಸೀಳಿದರೆ ಗೊತ್ತಾಗುವುದಿಲ್ಲ. ಕೊಳವೆಯ ತುದಿಯಲ್ಲಿ ಬೆಳ್ಳಿ ಬಣ್ಣದ ಹೊಳಪು ಇರುತ್ತದೆ. ಒಳಗೆ ಗಾಳಿ ಹೊಕ್ಕರೆ ಆ ಹೊಳಪು ಹೋಗಿ ಹಾಲಿನ ಬಿಳುಪಿಗೆ ತಿರುಗುತ್ತದೆ. ನಮ್ಮದರಲ್ಲಿ ಒಂದು ಕೊಳವೆ ಹಾಗೆ ಬೆಳ್ಳಗಾಗಿತ್ತು. ಆ ತುದಿ ಬಿಟ್ಟರೆ ಉಳಿದವಕ್ಕೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ.

ನೋಡಿದ್ದನ್ನೆಲ್ಲ ಗ್ರಾಫ್ ಹಾಳೆಯಲ್ಲಿ ಬರೆದುಕೊಂಡೆ. ಮನೆ ಸೂರಿನ ನಕ್ಷೆ, ದಿಕ್ಕು, ಪತ್ರಾಗಳ ನಂಬರ್, ಎಲ್ಲಿ ನೆಗ್ಗು, ಎಲ್ಲಿ ಬಿರುಕು, ಎಲ್ಲಿ ಸ್ಕ್ರೂ ಸಡಿಲ, ಯಾವುದು ಹಳೇದು. ಪ್ರತಿ ಗುರುತಿಗೂ ಎರಡು ಫೋಟೊ. ಒಂದು ದೂರದಿಂದ, ಜಾಗ ತಿಳಿಯುವಂತೆ. ಇನ್ನೊಂದು ಹತ್ತಿರದಿಂದ, ಸ್ಕೇಲ್ ಅಥವಾ ನಾಣ್ಯ ಇಟ್ಟು. ಬರೀ ಹತ್ತಿರದ ಫೋಟೊ ಇದ್ದರೆ ಅದು ಯಾರ ಮನೆಯದು ಅಂತ ಯಾರಿಗೆ ಗೊತ್ತಾಗುತ್ತದೆ?

ಆ ದಿನವೇ ತಲಾಟಿಯವರಿಗೆ ಫೋನ್ ಮಾಡಿದೆ. ಸರ್ಕಾರಿ ಲೆಕ್ಕದಲ್ಲಿ ಅವರೀಗ ಗ್ರಾಮ ಆಡಳಿತ ಅಧಿಕಾರಿ, ಊರಲ್ಲಿ ಇನ್ನೂ ತಲಾಟಿಯೇ. ಆಲಿಕಲ್ಲು ಮಳೆ ವಿಪತ್ತು ಪರಿಹಾರದ ಪಟ್ಟಿಯಲ್ಲಿ ಇದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಂಚಾಯತಿಯಿಂದ ಮನೆ ಉತಾರ (ಮನೆ ದಾಖಲೆಯ ನಕಲು), ಫೋಟೊ ಜೊತೆಗೆ ಅರ್ಜಿ ಕೊಟ್ಟೆ. ಪಂಚನಾಮೆಗೆ ತಲಾಟಿ, ಪಂಚಾಯತಿಯವರು, ಎಂಜಿನಿಯರ್ ಸೇರಿ ಬಂದರು. ನಾವು ನೆಲದಿಂದಲೇ ನಕ್ಷೆ ತೋರಿಸಿ, ಕೊಟ್ಟಿಗೆ ಒಳಗೆ ಕರೆದುಕೊಂಡು ಹೋಗಿ ಸೀಮೆಸುಣ್ಣದ ಸುತ್ತುಗಳನ್ನು ತೋರಿಸಿದೆವು. ಒಂದು ಬಕೆಟ್ ನೀರು ಹಾಕಿ ತೇವದ ಗೆರೆಯನ್ನೂ ತೋರಿಸಿದೆವು. ಎಂಜಿನಿಯರ್ ಬೇರೆ ಏನೂ ಕೇಳಲಿಲ್ಲ, ನಂಬರ್ ಬರೆದುಕೊಂಡರು.

ಪರಿಹಾರದ ಲೆಕ್ಕ ಗೊತ್ತಿರಲಿ. 2022ರಿಂದ 26ರ ಅವಧಿಯ ಕೇಂದ್ರದ ನಿಯಮದಲ್ಲಿ, ಭಾಗಶಃ ಹಾನಿ ಅಂತ ಸೇರಬೇಕಾದರೆ ಮನೆಗೆ ಕನಿಷ್ಠ ಶೇಕಡ 15 ಹಾನಿ ಆಗಿರಬೇಕು. ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000. ಮನೆಗೆ ಹೊಂದಿದ ದನದ ಕೊಟ್ಟಿಗೆಗೆ 3,000. ಪೂರ್ತಿ ಬಿದ್ದ ಮನೆಗೆ ಬಯಲು ಸೀಮೆಯಲ್ಲಿ 1,20,000. ಬರೀ ನೆಗ್ಗಿದ ಟಿನ್ ಪತ್ರಾ ಶೇಕಡ 15ರ ಲೆಕ್ಕಕ್ಕೆ ಹತ್ತುವುದು ಕಷ್ಟ. ನಮಗೂ ಕೊಟ್ಟಿಗೆಯದು ಬರೆದರು, ಅಡುಗೆಮನೆಯದು ಬರೆಯಲಿಲ್ಲ. ಪತ್ರಾ ಖರ್ಚಿಗೆ ಈ ಹಣ ಸಾಲುವುದಿಲ್ಲ ಅನ್ನುವುದು ನಿಜ. ಆದರೂ ಹಕ್ಕಿನದು, ಬಿಡಬಾರದು. ಬಡವರ ಮನೆಗೆ ಆ ಮೂರು ಸಾವಿರ ಅಂದರೆ ಕೆಲವು ಪತ್ರಾ.

ಅದೇ ಸಂಜೆ ಕಲಬುರಗಿಯಲ್ಲಿರುವ ತಮ್ಮನ ಮನೆ ಮೇಲೂ ಕಲ್ಲು ಬಿದ್ದಿತ್ತು. ಅವನದು ಬ್ಯಾಂಕ್ ಸಾಲದ ಮನೆ, ಸಾಲದ ಜೊತೆ ಮನೆ ವಿಮೆ ಮಾಡಿಸಿದ್ದರು. ಬಹಳ ಜನಕ್ಕೆ ತಮ್ಮ ಸಾಲದ ಜೊತೆ ವಿಮೆ ಇದೆ ಅಂತಲೇ ಗೊತ್ತಿರುವುದಿಲ್ಲ. ಸಾಲದ ಕಾಗದ ತೆಗೆದು ನೋಡಿ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮೆ ಕಂಪನಿಗಳೂ ಭಾರತ್ ಗೃಹ ರಕ್ಷಾ ಅನ್ನುವ ಒಂದೇ ತರದ ಪಾಲಿಸಿ ಕೊಡಬೇಕು, ಅದರಲ್ಲಿ ಬೆಂಕಿ, ಬಿರುಗಾಳಿ, ನೆರೆ, ಸಿಡಿಲು ಎಲ್ಲ ಇವೆ. ಹಳೇದಾಗಿ ಸವೆದದ್ದಕ್ಕೆ ಮಾತ್ರ ಕೊಡುವುದಿಲ್ಲ. ತಮ್ಮ ನನಗೆ ಫೋನ್ ಮಾಡಿ, "ಅಣ್ಣಾ, ಸರ್ವೇಯರ್ ಬರಾಕತ್ಯಾರ, ಏನೇನು ತೋರಿಸ್ಲಿ?" ಅಂದ. ಕೂಲರ್‌ನಿಂದ ಶುರು ಮಾಡು ಅಂದೆ. ಕಲ್ಲಿನ ಫೋಟೊ, ಕೂಲರ್, ಟ್ಯಾಂಕಿನ ಮಚ್ಚೆ, ಆಮೇಲೆ ಪತ್ರಾ ಶೆಡ್ಡು, ಕೊನೆಗೆ ಸೋಲಾರ್ ಪ್ಯಾನೆಲ್.

ಸರ್ವೇಯರ್ ಕೂಡ ಕಾಕಾ ಮಾಡಿದ್ದನ್ನೇ ಮಾಡಿದರಂತೆ. ಸೀಮೆಸುಣ್ಣ, ಓರೆ ಬೆಳಕು, ಹಳೇದು ಹೊಸದು ಬೇರೆ ಮಾಡುವುದು. ಶೆಡ್ಡಿನ ತುಕ್ಕು ಹಿಡಿದ ಪತ್ರಾಗಳನ್ನು ಲೆಕ್ಕದಿಂದ ತೆಗೆದರು. ಹೊಸ ಒಡಕು ಇದ್ದ ಬೆಳಕಿನ ಫೈಬರ್ ಶೀಟ್‌ಗಳನ್ನು ಸೇರಿಸಿದರು. ಸೋಲಾರ್ ಪ್ಯಾನೆಲ್ ಗಾಜು ನೆಟ್ಟಗಿತ್ತು. ಒಳ್ಳೇ ಪ್ಯಾನೆಲ್‌ಗಳನ್ನು 25 ಮಿಲಿಮೀಟರ್ ಮಂಜುಗಡ್ಡೆ ಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹೊಡೆದು ಪರೀಕ್ಷೆ ಮಾಡಿರುತ್ತಾರೆ. ಅದಕ್ಕಿಂತ ದೊಡ್ಡ ಕಲ್ಲು ಬಿದ್ದರೆ ಗಾಜಿನ ಕೆಳಗಿನ ಬಿಲ್ಲೆಯಲ್ಲಿ (ಸೋಲಾರ್ ಸೆಲ್) ಕಣ್ಣಿಗೆ ಕಾಣದ ಬಿರುಕು ಬರಬಹುದು. ಅದನ್ನು ಹಿಡಿಯಲು ಆಲಿಕಲ್ಲಿಗೆ ಮುಂಚಿನ ದಿನಗಳ ಯೂನಿಟ್ಟನ್ನೂ ಈಗಿನದನ್ನೂ ಇನ್ವರ್ಟರ್‌ನಲ್ಲಿ ಹೋಲಿಸಿ ನೋಡು ಅಂತ ತಮ್ಮನಿಗೆ ಹೇಳಿದ್ದೇನೆ.

ರಿಪೇರಿ ವಿಷಯದಲ್ಲಿ ಕಾಕಾ ಹೇಳಿದ ಕ್ರಮವನ್ನೇ ಇಟ್ಟುಕೊಂಡೆವು. ಮೊದಲು ಕೊಟ್ಟಿಗೆ. ಬಿರುಕು ಬಿಟ್ಟ ಐದು ಸಿಮೆಂಟ್ ಪತ್ರಾ ತೆಗೆದು ಟಿನ್ ಪತ್ರಾ ಹಾಕಿಸಿದೆವು. ಅಂಗಡಿಯವರು 0.35 ಮಿಲಿಮೀಟರ್‌ನದು ತೋರಿಸಿದರು, ನಾವು 0.50 ತೆಗೆದುಕೊಂಡೆವು. ದಪ್ಪ ಪತ್ರಾ ಅದೇ ಕಲ್ಲಿಗೆ ಕಡಿಮೆ ನೆಗ್ಗುತ್ತದೆ. ಅಡುಗೆಮನೆ ಪತ್ರಾ ಬದಲಿಸಲಿಲ್ಲ. ಲೇಪ ಬಿರುಕಿದ ನೆಗ್ಗುಗಳನ್ನು ಒಣ ಬಟ್ಟೆಯಿಂದ ಒರೆಸಿ, ಸತುವಿನ ಬಣ್ಣ ಎರಡು ಸಲ ಹಚ್ಚಿದೆವು. ಸಡಿಲ ಸ್ಕ್ರೂಗಳಿಗೆ ಹೊಸ ವಾಷರ್ ಹಾಕಿದೆವು. ಬಾಯಿ ಬಿಟ್ಟ ಅಂಚಿಗೆ ಅಲ್ಯೂಮಿನಿಯಂ ಮುಖದ ಅಂಟು ಪಟ್ಟಿ ಅಂಟಿಸಿದೆವು. ನೆಗ್ಗು ಎತ್ತಲು ಸುತ್ತಿಗೆ ಹಿಡಿಯಬೇಡಿ ಅಂತ ಕಾಕಾ ಹೇಳಿದ್ದರು. ಬಡಿದರೆ ಉಳಿದ ಲೇಪವೂ ಹೋಗುತ್ತದೆ.

ಓಣಿಯವರೂ ಸೀಮೆಸುಣ್ಣ ಕೇಳಿಕೊಂಡು ಬಂದರು. ಸುಮ್ನೆ ಕೊಡದೆ ನಾನೂ ಜೊತೆಗೆ ಹೋದೆ. ಪಕ್ಕದ ಅತ್ತೆಯವರ ಮನೆಯಲ್ಲಿ ಸೋರಿಕೆ ಇಲ್ಲ, ಏನೂ ಆಗಿಲ್ಲ ಅಂತಿದ್ದರು. ಅವರು ಮಲಗುವ ಕೋಣೆ ಮೇಲಿನ ಸಿಮೆಂಟ್ ಪತ್ರಾದ ಕೆಳಮುಖದಲ್ಲಿ, ಸರಿಯಾಗಿ ಮಂಚದ ಮೇಲೆ, ದೊಡ್ಡ ಬಿರುಕು ಸಿಕ್ಕಿತು. ಅವತ್ತೇ ಮಂಚ ಸರಿಸಿ, ಪಂಚನಾಮೆಗೆ ಅವರ ಹೆಸರನ್ನೂ ಸೇರಿಸಿದೆವು.

ನಮ್ಮ ಕೊಟ್ಟಿಗೆಯಲ್ಲಿ ಉಳಿದ ಹಳೇ ಸಿಮೆಂಟ್ ಪತ್ರಾಗಳನ್ನು ಮುಂದಿನ ಸಲ ತೊಗರಿ ಮಾರಿದ ಮೇಲೆ ತೆಗೆಸಬೇಕು ಅಂತ ಮನೆಯಲ್ಲಿ ಮಾತಾಗಿದೆ. ಕಾಕಾ ಅಳತೆ ಬರೆದುಕೊಂಡು ಹೋಗಿದ್ದಾರೆ.